ಬೂದ ಕೂತ ಜಾಗ

ದೊಡ್ಡಳಿಯ ಆ ಮನೆ ಸೇರಿ ಹನ್ನೆರಡು ವರ್ಷವಾಗಿದ್ದರೂ ಮಾವ ಅವನನ್ನು ಇನ್ನೂ ‘ನೀವು’ ಎಂದೇ ಮಾತಾಡಿಸುತ್ತಿದ್ದರು. ಮೊದಮೊದಲು ಅವನು ಇದನ್ನು ಮರ್ಯಾದೆ ಎಂದುಕೊಂಡು ಒಳಗೊಳಗೇ ಬೀಗಿದ್ದೂ ಉಂಟು. ಎರಡು ವರ್ಷದ ಕೆಳಗೆ ಚಿಕ್ಕ ಮಗಳನ್ನು ಕಟ್ಟಿಕೊಂಡು ಬಂದ ಚಿಕ್ಕಳಿಯ ಮೂರನೇ ತಿಂಗಳಿಗೆ ಮಾವನ ಬಾಯಲ್ಲಿ ‘ನೀನು’ ಆದ, ಆರನೇ ತಿಂಗಳಿಗೆ ‘ಮಗಾ’ ಆದ. ಇಷ್ಟು ವರ್ಷ ತನಗೆ ಸಿಕ್ಕಿದ್ದು ನೆಂಟರಿಗೆಂದು ಹಾಕಿಡುವ ಕುರ್ಚಿ ಎಂದು ದೊಡ್ಡಳಿಯನಿಗೆ ಆಗ ತಿಳಿಯಿತು.

ಮಾವನಿಗೆ ಗಂಡುಮಕ್ಕಳಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳು, ಇನ್ನೂರ ಹತ್ತು ಕುರಿ, ಎದೆಮಟ್ಟದ ಕಲ್ಲುಗೋಡೆಯ ದೊಡ್ಡಿ, ಸಮುದ್ರದ ಕಡೆಗೆ ಇಳಿಜಾರಾದ ಹುಲ್ಲುಗಾವಲು, ಒಂದು ಉಣ್ಣೆ ಕೊಠಡಿ. ದೊಡ್ಡಳಿಯ ಬಂದ ದಿನದಿಂದ ಉಣ್ಣೆಯ ಕೆಲಸ ಅವನ ಪಾಲಿನದು. ಕತ್ತರಿ ಹಿಡಿದು ಕುರಿಯ ಮೈಯನ್ನು ಒಂದು ಗೀರೂ ಆಗದಂತೆ ಬೋಳಿಸುವುದರಲ್ಲಿ, ಕುತ್ತಿಗೆಯ ಉಣ್ಣೆ ಬೇರೆ ಹೊಟ್ಟೆಯ ಉಣ್ಣೆ ಬೇರೆ ಎಂದು ಬೆರಳಲ್ಲಿ ಮುಟ್ಟಿಯೇ ವಿಂಗಡಿಸುವುದರಲ್ಲಿ, ಮೂಟೆ ಕಟ್ಟಿ ಹಳೆಯ ವ್ಯಾನಿನಲ್ಲಿ ಪಟ್ಟಣದ ಗಿರಣಿಗೆ ಸಾಗಿಸುವುದರಲ್ಲಿ ಅವನನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಮಂದೆ ಒಂದು ದಿನ ತನ್ನದಾಗುತ್ತದೆ ಎಂಬ ನಂಬಿಕೆಯಲ್ಲೇ ಅವನು ಮೈಮುರಿದು ದುಡಿದಿದ್ದ. ಚಿಕ್ಕಳಿಯನೋ, ಒಳನಾಡಿನ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡಿಕೊಂಡಿದ್ದವನು. ಬಂದ ಹೊಸದರಲ್ಲಿ ಕುರಿಯ ಬಾಯಿ ತೆರೆದು ನೋಡಿ, ಮೇಲೆ ಮುಂದಿನ ಹಲ್ಲೇ ಇಲ್ಲವಲ್ಲ, ಪಾಪ ಯಾರು ಕಿತ್ತರು ಎಂದು ಕೇಳಿ ಅಡುಗೆಮನೆಯವರನ್ನೆಲ್ಲ ಒಂದು ವಾರ ನಗಿಸಿದ್ದ.

ಆ ಮನೆಯಲ್ಲಿ ಮಂದೆ ಯಾರಿಗೆ ಎನ್ನುವುದನ್ನು ಬಾಯಿಬಿಟ್ಟು ಹೇಳುವ ರೂಢಿ ಇರಲಿಲ್ಲ. ನಾಯಿ ಯಾರ ಹಿಂದೆ ಹೋಗುತ್ತದೋ ಮಂದೆ ಅವರದು. ಮಾವನಿಗೆ ಅವರ ಅಪ್ಪನಿಂದ ಬಂದದ್ದೂ ಹಾಗೆಯೇ. ಒಂದು ಬೆಳಿಗ್ಗೆ ಮಾವ ಹಿತ್ತಿಲಿನ ಕಲ್ಲಿನ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, ತಲೆ ಎತ್ತದೆ ಚಿಕ್ಕಳಿಯನಿಗೆ ಹೇಳಿದರು.

“ನಾಳೆಯಿಂದ ಬೂದ ನಿನ್ನ ಜೊತೆ ಬರಲಿ ಮಗಾ. ನನ್ನ ಮಂಡಿ ಕೈ ಕೊಡ್ತು.”

ಆಮೇಲೆ, ಪಕ್ಕದಲ್ಲೇ ಕತ್ತರಿ ಮಸೆಯುತ್ತಿದ್ದ ದೊಡ್ಡಳಿಯನ ಕಡೆ ತಿರುಗಿ, “ಉಣ್ಣೆ ಹೇಗೂ ನೀವು ನೋಡ್ಕೊಳ್ತೀರಲ್ಲ,” ಅಂದರು. ದೊಡ್ಡಳಿಯ ಹೂಂ ಅಂದ. ಕತ್ತರಿಯ ಅಲಗನ್ನು ಅದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮಸೆದ.

ಬೂದ ಬೂದಿಬಣ್ಣದ, ಒಂದು ಕಿವಿ ಮಡಚಿದ ಗಂಡುನಾಯಿ. ಮಾವನ ಕೈಯಲ್ಲಿ ತಯಾರಾದ ನಾಯಿಗಳಿಗೆ ಒಂದು ವಿಶೇಷವಿತ್ತು. ‘ಕೂತಿರು’ ಎಂದು ಕೂರಿಸಿದವರು ಯಾರೋ ಅವರೇ ಬಂದು ‘ಸಾಕು, ಬಾ’ ಅನ್ನಬೇಕು. ಅಲ್ಲಿಯವರೆಗೆ ಬೇರೆ ಯಾರು ಕರೆದರೂ, ಮಾಂಸ ತೋರಿಸಿದರೂ ಅದು ಕೂತ ಜಾಗ ಬಿಟ್ಟು ಏಳುತ್ತಿರಲಿಲ್ಲ. ಕುರಿಕಳ್ಳರು ನಾಯಿಯನ್ನು ಪುಸಲಾಯಿಸಿ ಆಚೆ ಕರೆದೊಯ್ಯದಿರಲಿ ಎಂದು ಮಾವನ ತಾತ ಹಾಕಿದ ಕಟ್ಟಳೆಯಂತೆ ಅದು. ನಾಲ್ಕು ವರ್ಷದ ಕೆಳಗೆ ಮಾವ ಬೂದನನ್ನು ಮೇಲಿನ ಗೋಡೆಯ ಹತ್ತಿರ ಕೂರಿಸಿ ಮನೆಗೆ ಬಂದವರು ಜ್ವರದಲ್ಲಿ ಎಚ್ಚರ ತಪ್ಪಿ ಮಲಗಿಬಿಟ್ಟಿದ್ದರು. ಆಲಿಕಲ್ಲು ಬಿದ್ದರೂ ಬೂದ ಒಂದೂವರೆ ದಿನ ಅಲ್ಲೇ ಕೂತಿತ್ತು. ಕೊನೆಗೆ ಮಾವನನ್ನು ಮಂಚದ ಸಮೇತ ಹೊತ್ತುಕೊಂಡು ಹೋಗಿ, ಅವರ ಬಾಯಿಂದಲೇ ಆ ಎರಡು ಮಾತು ಆಡಿಸಬೇಕಾಯಿತು. ಮಂಚದ ಒಂದು ಕಾಲನ್ನು ಹೊತ್ತಿದ್ದವನು ದೊಡ್ಡಳಿಯನೇ.

ಅವನ ಮಾತಿಗೆ ಮಾತ್ರ ಬೂದ ಎಂದೂ ಕೂತದ್ದಿಲ್ಲ. ಅವನು ಕೂತಿರು ಎಂದು ಗದರಿದರೆ ಅದು ಬೇಲಿಯನ್ನೋ ಮೋಡವನ್ನೋ ನೋಡುತ್ತ ನಿಂತಿರುತ್ತಿತ್ತು. ನೀವು ಬೂದನಿಗೆ ಹೇಳೋದೂ ಒಂದೆ, ಒನಕೆಗೆ ಹೇಳೋದೂ ಒಂದೆ ಎಂದು ಅವನ ಹೆಂಡತಿಯೇ ನಗುತ್ತಿದ್ದಳು. ಚಿಕ್ಕಳಿಯನಾದರೆ ಬಾಯಿ ಕೂಡ ತೆರೆಯಬೇಕಾಗಿರಲಿಲ್ಲ. ಅಂಗೈ ಎತ್ತಿ ತೋರಿಸಿದರೆ ಸಾಕು, ನಾಯಿ ಕುಕ್ಕರುಬಡಿಯುತ್ತಿತ್ತು. ಇದನ್ನು ನೋಡಿದಾಗಲೆಲ್ಲ ದೊಡ್ಡಳಿಯನಿಗೆ ಹೊಟ್ಟೆಯಲ್ಲಿ ಬಿಸಿ ಹೆಂಚು ಇಟ್ಟ ಹಾಗಾಗುತ್ತಿತ್ತು. ಅದಕ್ಕಿಂತ ಸಹಿಸಲಾರದ್ದು ಚಿಕ್ಕಳಿಯನ ಒಳ್ಳೆಯತನ. ಒಮ್ಮೆ ಕುರಿಗೆ ನೀರು ಕುಡಿಸುವ ತೊಟ್ಟಿಯ ಹತ್ತಿರ ಅವನು ಗುಟ್ಟು ಹೇಳುವವನಂತೆ ಪಕ್ಕಕ್ಕೆ ಬಂದಿದ್ದ.

“ಅಣ್ಣಾ, ತಪ್ಪು ತಿಳ್ಕೋಬೇಡಿ. ಬೂದ ನಿಮ್ಮ ಮಾತನ್ನೂ ಕೇಳುತ್ತೆ. ನೀವು ಜೋರು ಮಾಡ್ತೀರಿ, ಅದಕ್ಕೆ ಕೋಪ ಅಷ್ಟೇ ಕೇಳಿಸುತ್ತೆ, ಮಾತು ಕೇಳಿಸಲ್ಲ. ಒಂದು ಸಲ ಮೆಲ್ಲಗೆ ಹೇಳಿ ನೋಡಿ.”

“ನಾಯಿ ಹತ್ರ ಪಿಸುಮಾತಾಡೋಕೆ ನನಗೇನು ಹೊಸದಾಗಿ ಮದುವೆ ಆಗಿದೆಯಾ?” ಎಂದು ದೊಡ್ಡಳಿಯ ನಕ್ಕು ಮಾತು ಹಾರಿಸಿದ. ಕೊಲ್ಲಬೇಕು ಎಂಬುದು ಅವನ ಮನಸ್ಸಿಗೆ ಬಂದದ್ದು ಅವತ್ತೇ, ಆ ತೊಟ್ಟಿಯ ಹತ್ತಿರವೇ. ನೀರಿನಲ್ಲಿ ಅವರಿಬ್ಬರ ಮುಖ ಅಕ್ಕಪಕ್ಕ ಕಾಣುತ್ತಿತ್ತು. ಒಂದು ಮುಖ ಇಲ್ಲದಿದ್ದರೆ ಎಷ್ಟು ಸರಾಗ ಎಂದು ಅವನಿಗೆ ಅನ್ನಿಸಿತು, ಅಷ್ಟೇ. ಸಿಟ್ಟೇನೂ ಬಂದಿರಲಿಲ್ಲ.

ಚಿಕ್ಕಳಿಯನಿಗೆ ಒಂದು ಹುಚ್ಚಿತ್ತು. ವಾರಕ್ಕೊಂದು ದಿನ, ಬುಧವಾರ, ಮಾವ ಮಂದೆಯನ್ನು ಮನೆ ಹತ್ತಿರದ ಗದ್ದೆಯಲ್ಲೇ ಬಿಟ್ಟುಕೊಳ್ಳುವ ದಿನ, ಅವನು ಬೂದನನ್ನು ಕರೆದುಕೊಂಡು ಸಮುದ್ರಕ್ಕೆ ಹೋಗುತ್ತಿದ್ದ. ಒಂದೂವರೆ ಗಂಟೆಯ ನಡಿಗೆ. ಹುಲ್ಲುಗಾವಲಿನ ಕೊನೆಯ ಗೋಡೆ ದಾಟಿ, ಮುಳ್ಳುಪೊದೆಗಳ ನಡುವಿನ ಕಾಲುದಾರಿಯಲ್ಲಿ ಮರಳುದಿಣ್ಣೆ ಹತ್ತಿದರೆ ಆಚೆಗೆ ಯಾರೂ ಹೋಗದ ಒಂದು ಕಡಲತೀರ. ಅಲೆ ಒರಟು, ದೋಣಿ ನಿಲ್ಲಿಸಲು ಆಗದ್ದರಿಂದ ಮೀನುಗಾರರೂ ಆ ಜಾಗ ಬಿಟ್ಟು ಎಷ್ಟೋ ಕಾಲವಾಗಿತ್ತು. ಅವರು ಬಲೆ ಇಡುತ್ತಿದ್ದ ಒಂದು ಗುಡಿಸಲು ಅರ್ಧ ಕುಸಿದು ದಿಣ್ಣೆಯ ಮೇಲೆ ನಿಂತಿತ್ತು. ಅಲ್ಲಿ ಚಿಕ್ಕಳಿಯ ಏನು ಮಾಡುತ್ತಿದ್ದ ಎಂದರೆ ಏನೂ ಇಲ್ಲ. ನಾಯಿಗೆ ಕಟ್ಟಿಗೆ ಎಸೆಯುವುದು, ಮರಳಲ್ಲಿ ಮಲಗುವುದು, ಕಪ್ಪೆಚಿಪ್ಪು ಆರಿಸುವುದು. ಸಮುದ್ರದಲ್ಲೇನಾದರೂ ಮೊದಲನೇ ಹೆಂಡತಿ ಇದ್ದಾಳೇನೋ ಎಂದು ಅವನ ಹೆಂಡತಿ, ದೊಡ್ಡಳಿಯನ ನಾದಿನಿ, ರೇಗಿಸಿದರೆ, ಇದ್ದಾಳೆ, ಆದರೆ ಅವಳು ಇಷ್ಟು ಮಾತಾಡಲ್ಲ ಎನ್ನುತ್ತಿದ್ದ.

ಆ ತೀರದಿಂದ ನೂರಿನ್ನೂರು ಹೆಜ್ಜೆ ಒಳಗೆ, ನೀರಿನ ನಡುವೆ, ಆಮೆಬಂಡೆ ಎಂಬ ಕಪ್ಪು ಬಂಡೆ ಇದೆ. ನೀರು ಇಳಿದಾಗ ಮರಳಿನ ಒಂದು ದಾರಿ ತೆರೆದುಕೊಂಡು ಕಾಲು ನೆನೆಯದೆ ಬಂಡೆಗೆ ಹೋಗಬಹುದು. ಏರುವಾಗ ಮೊದಲು ಆ ದಾರಿ ಮುಚ್ಚುತ್ತದೆ. ಅಮಾವಾಸ್ಯೆಯ ಆಸುಪಾಸಿನಲ್ಲಾದರೆ ಆಮೇಲೆ ಬಂಡೆಯೇ ಮುಳುಗುತ್ತದೆ. ಚಿಕ್ಕಳಿಯನಿಗೆ ಈಜು ಬರುತ್ತಿರಲಿಲ್ಲ. ನೀರು ಯಾವಾಗ ಏರುತ್ತದೆ ಎಂಬ ಲೆಕ್ಕವೂ ಅವನಿಗೆ ಹತ್ತಿರಲಿಲ್ಲ. ಗಡಿಯಾರದ ಹೊಟ್ಟೆಯೊಳಗಿನ ಹಲ್ಲುಗಾಲಿಗಳನ್ನೆಲ್ಲ ಬಲ್ಲವನಿಗೆ ದಿನಕ್ಕೆ ಮುಕ್ಕಾಲು ಗಂಟೆ ತಡವಾಗುವ ಈ ಗಡಿಯಾರ ಮಾತ್ರ ಅರ್ಥವಾಗಿರಲಿಲ್ಲ. ಅವನ ಬದಲು ಬೂದ ಅದನ್ನು ತಿಳಿದುಕೊಂಡಿತ್ತು. ನೀರು ತಿರುಗುವ ಹೊತ್ತಿಗೆ ಅದು ಬೊಗಳಲು ಶುರುಮಾಡಿ, ಅವನ ಅಂಗಿಯ ಚುಂಗು ಕಚ್ಚಿ ದಿಣ್ಣೆಯ ಕಡೆಗೆ ಎಳೆಯುತ್ತಿತ್ತು. ಇದನ್ನು ಚಿಕ್ಕಳಿಯ ಊಟದ ಹೊತ್ತಿನಲ್ಲಿ ಹತ್ತಾರು ಸಲ ಹೇಳಿದ್ದ, ದೊಡ್ಡಳಿಯ ತಟ್ಟೆ ನೋಡಿಕೊಂಡೇ ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಹಾಗಾಗಿ ಯೋಚನೆ ಬೆಳೆದದ್ದು ಇಷ್ಟರ ಸುತ್ತ: ಮನುಷ್ಯ ಬಂಡೆಯ ಮೇಲಿರಬೇಕು, ನಾಯಿ ದಡದಲ್ಲಿರಬೇಕು, ಮನುಷ್ಯನ ತಲೆ ಬಗ್ಗಿರಬೇಕು.

ತಲೆ ಬಗ್ಗಿಸಲು ದೊಡ್ಡಳಿಯ ಆರಿಸಿದ್ದು ಒಂದು ಕುರಿಮರಿಯನ್ನು. ತಾಯಿ ಸತ್ತ ಒಂದು ಬಿಳಿಮೂತಿಯ ಮರಿಗೆ ಚಿಕ್ಕಳಿಯ ಸೀಸೆಯಲ್ಲಿ ಹಾಲು ಕುಡಿಸಿ ಸಾಕಿದ್ದ. ಅದು ಅವನ ಹಿಂದೆಯೇ ಅಡುಗೆಮನೆಗೂ ಬರುತ್ತಿತ್ತು. ಅದನ್ನು ಬಂಡೆಯ ಆಚೆ ಬದಿಯ, ಸಮುದ್ರದ ಕಡೆಯ ಸೀಳಿನಲ್ಲಿ ಇಳಿಸಿ, ಅಲೆ ತಂದು ಬಿಸಾಡಿದ ಹಳೆಯ ಬಲೆಯಲ್ಲಿ ಅದರ ಹಿಂಗಾಲು ಸಿಕ್ಕಿಸಿದರೆ ಮುಗಿಯಿತು. ಚಿಕ್ಕಳಿಯ ದಾರ ಕತ್ತರಿಸುವ ಪೈಕಿಯವನಲ್ಲ. ಉಣ್ಣೆಮೂಟೆಯ ಹುರಿಯನ್ನು ಕೂಡ ಉಗುರಲ್ಲಿ ಬಿಡಿಸಿ, ಸುತ್ತಿ, ಜೇಬಿಗೆ ಹಾಕಿಕೊಳ್ಳುವವನು. ಗಂಟು ಬಿಡಿಸಲು ಕೂತರೆ ಪಕ್ಕದಲ್ಲಿ ಗೋಡೆ ಬಿದ್ದರೂ ಅವನಿಗೆ ತಿಳಿಯುವುದಿಲ್ಲ. ನೀರಲ್ಲಿ ಊದಿದ ಬಲೆಯ ಗಂಟುಗಳು ಒಂದು ಗಂಟೆಯ ಕೆಲಸ. ದಡಕ್ಕೆ ಬೆನ್ನು. ಇನ್ನು ನಾಯಿ. ಸಿಕ್ಕಿಬಿದ್ದ ಕುರಿಯ ಹತ್ತಿರ ಹೋಗುವಾಗ ಅದು ಗಾಬರಿಯಾಗಬಾರದೆಂದು ಚಿಕ್ಕಳಿಯ ಬೂದನನ್ನು ದೂರದಲ್ಲಿ ಕೂರಿಸಿಯೇ ಹೋಗುತ್ತಿದ್ದ. ಇಲ್ಲಿಯೂ ಕೂರಿಸುತ್ತಾನೆ. ಕೂತ ನಾಯಿ ಎಷ್ಟು ಬೊಗಳಿದರೂ ಎದ್ದು ಹೋಗಿ ಅಂಗಿ ಎಳೆಯುವುದಿಲ್ಲ. ನೀರು ಏರುವಾಗಿನ ಅಲೆಯ ಸದ್ದಿನಲ್ಲಿ ಬೊಗಳುವುದು ಬಂಡೆಯ ಆಚೆಗೆ ಕೇಳಿಸುವುದೂ ಇಲ್ಲ. ಅವನ ಅಂಗೈಯೇ ಅವನನ್ನು ಮುಳುಗಿಸುತ್ತದೆ. ಯಾವ ಅಂಗೈಯನ್ನು ನೋಡಿ ಎರಡು ವರ್ಷ ಹೊಟ್ಟೆ ಉರಿದಿತ್ತೋ ಅದೇ ಅಂಗೈ. ಇದು ಹೊಳೆದಾಗ ದೊಡ್ಡಳಿಯ ಉಣ್ಣೆ ಕೊಠಡಿಯಲ್ಲಿ ಒಬ್ಬನೇ ಇದ್ದ.

ತಾನು ಅಲ್ಲಿರಲಿಲ್ಲ ಎಂದು ತೋರಿಸುವುದು ಇನ್ನೂ ಸುಲಭವಾಗಿತ್ತು. ಅವನೂ ಗಿರಣಿಗೆ ಹೋಗುತ್ತಿದ್ದದ್ದು ಬುಧವಾರವೇ. ವ್ಯಾನು ಎಷ್ಟು ಹಳೆಯದೆಂದರೆ ದಾರಿಯಲ್ಲಿ ನಾಲ್ಕು ಕಡೆ ನಿಲ್ಲಿಸಿ, ಬಾನೆಟ್ಟು ಎತ್ತಿ, ತಣ್ಣಗಾಗಲು ಬಿಟ್ಟು ನೀರು ಹಾಕಬೇಕು. ಏಳೂವರೆಗೆ ಹೊರಟರೆ ಗಿರಣಿಯ ಗೇಟು ಸೇರುವಾಗ ಹನ್ನೊಂದು. ಇದು ಮನೆಯಲ್ಲಿ, ಗಿರಣಿಯಲ್ಲಿ ಎಲ್ಲರಿಗೂ ಗೊತ್ತು. ಹೋದ ತಿಂಗಳು ಅವನು ಪಟ್ಟಣದ ಆಚೆಯ, ಗುರುತಿಲ್ಲದ ಒಬ್ಬ ಮೆಕ್ಯಾನಿಕ್ಕಿನ ಹತ್ತಿರ ರೇಡಿಯೇಟರ್ ಬದಲಾಯಿಸಿದ್ದ. ಈಗ ವ್ಯಾನು ಎಲ್ಲೂ ನಿಲ್ಲದೆ ಒಂದೂಕಾಲು ಗಂಟೆಯಲ್ಲಿ ಗಿರಣಿ ಮುಟ್ಟುತ್ತಿತ್ತು. ಆದರೂ ಅವನು ಹಿಂದಿನಂತೆಯೇ ವ್ಯಾನನ್ನು ಬೈಯುತ್ತ, ಎರಡು ಕ್ಯಾನು ನೀರು ತುಂಬಿಕೊಂಡು ಹೊರಡುತ್ತಿದ್ದ, ದಾರಿಬದಿಯ ಮರದ ಕೆಳಗೆ ನಿದ್ದೆ ಮಾಡಿ ಹನ್ನೊಂದಕ್ಕೇ ಗೇಟಿಗೆ ಬರುತ್ತಿದ್ದ. ಸಮುದ್ರದ ಬಗ್ಗೆ ಯಾರಾದರೂ ಮಾತೆತ್ತಿದರೆ, ನಾನು ಆ ಕಡೆ ಕಾಲಿಟ್ಟು ವರ್ಷದ ಮೇಲಾಯ್ತು ಎನ್ನುವುದನ್ನೂ ರೂಢಿ ಮಾಡಿಕೊಂಡ.

ಅಮಾವಾಸ್ಯೆಯ ಮರುದಿನವೇ ಬುಧವಾರ ಬಂದ ವಾರಕ್ಕೆ ಅವನು ತಾಳ್ಮೆಯಿಂದ ಕಾದ. ಅವತ್ತು ನೀರು ಪೂರ್ತಿ ಇಳಿಯುವುದು ಒಂಬತ್ತಕ್ಕೆ, ಮರಳಿನ ದಾರಿ ಮುಚ್ಚುವುದು ಹತ್ತೂವರೆಗೆ.

ಬೆಳಿಗ್ಗೆ ಚಿಕ್ಕಳಿಯ ಮರಿಗೆ ಹಾಲು ಕುಡಿಸಿ ತಿಂಡಿಗೆ ಕೂತ ಹೊತ್ತಿನಲ್ಲಿ ದೊಡ್ಡಳಿಯ ಅದನ್ನು ಗೋಣಿಚೀಲದಲ್ಲಿ ಹಾಕಿ ಮೂಟೆಗಳ ನಡುವೆ ಇಟ್ಟ. ಹೊಟ್ಟೆ ತುಂಬಿದ ಮರಿ ಕತ್ತಲಲ್ಲಿ ಮಿಸುಕಾಡಲಿಲ್ಲ. ಹೊರಡುವಾಗ ಹೆಂಡತಿಗೆ ಕೇಳುವ ಹಾಗೆ, ಈ ಹಾಳು ಡಬ್ಬ ಇವತ್ತು ಗುಡ್ಡ ಹತ್ತುತ್ತೋ ಇಲ್ಲವೋ ಅಂದ. ಚಿಕ್ಕಳಿಯ ಕೈಯಲ್ಲಿ ರೊಟ್ಟಿ ಹಿಡಿದೇ ಓಡಿಬಂದು ವ್ಯಾನನ್ನು ಹಿಂದಿನಿಂದ ತಳ್ಳಿದ. ತಳ್ಳುವ ಅಗತ್ಯವಿರಲಿಲ್ಲ. ದೊಡ್ಡಳಿಯ ಬೇಡವೆನ್ನಲಿಲ್ಲ.

ಕಡಲತೀರದ ಹಿಂದೆ ಕೆಲಸ ನಿಂತ ಒಂದು ಕಲ್ಲುಗಣಿ ಇತ್ತು. ವ್ಯಾನನ್ನು ಅದರೊಳಗೆ ನಿಲ್ಲಿಸಿ, ಚೀಲ ಹೆಗಲಿಗೆ ಹಾಕಿ ದಿಣ್ಣೆ ಹತ್ತಿಳಿದ. ಮರಳಿನ ದಾರಿ ಆಗಲೇ ತೆರೆದಿತ್ತು. ಅದರ ಅಂಚಿನ ತೆಳುನೀರಿನಲ್ಲಿ ನಡೆದರೆ ಹೆಜ್ಜೆ ಉಳಿಯುವುದಿಲ್ಲ, ಹಾಗೆಯೇ ನಡೆದ. ಸೀಳಿನಲ್ಲಿ ಮರಿಯನ್ನು ಇಳಿಸಿ ಕಾಲಿಗೆ ಬಲೆ ಸುತ್ತುವಾಗ ಅದು ಅವನ ಬೆರಳು ಚೀಪಿತು. ಬೇಗ ಕೈ ಎಳೆದುಕೊಂಡ. ಎಂಟೂಕಾಲಿಗೆಲ್ಲ ಅವನು ಬಲೆಗುಡಿಸಲಿನ ಒಳಗೆ, ಮುರಿದ ಬಾಗಿಲಿನ ನೆರಳಲ್ಲಿ ಕೂತಿದ್ದ. ಅಲ್ಲಿಂದಲೇ ಹೊರಟುಬಿಡಬಹುದಿತ್ತು. ಆದರೆ ಆ ಅಂಗೈ ಏಳುವುದನ್ನು ಅವನು ಕಣ್ಣಾರೆ ನೋಡಬೇಕಾಗಿತ್ತು.

ಒಂಬತ್ತೂವರೆಗೆ ಚಿಕ್ಕಳಿಯ ಬಂದ. ದಿಣ್ಣೆಯ ತುದಿಯಲ್ಲಿ ನಿಂತು ಸಮುದ್ರಕ್ಕೆ ಏನೋ ಹೇಳುವವನಂತೆ ಎರಡೂ ಕೈ ಚಾಚಿದ. ಬೂದ ಅವನ ಮುಂದೆ ಮುಂದೆ ಮರಳಲ್ಲಿ ಮೂತಿ ಉಜ್ಜುತ್ತ ಹೋಗುತ್ತಿತ್ತು. ಅಷ್ಟರಲ್ಲಿ ಮರಿ ಅರಚಿತು. ಚಿಕ್ಕಳಿಯ ಕಿವಿ ಕೊಟ್ಟು ನಿಂತ. ಚಪ್ಪಲಿ ಕಳಚಿ ಎಸೆದು ಬಂಡೆಯ ಕಡೆಗೆ ಓಡಿದ. ನಾಯಿ ಅವನ ಹಿಂದೆ ನಾಲ್ಕು ಹೆಜ್ಜೆ ಓಡಿದ್ದು, ತಟ್ಟನೆ ನಿಂತು, ಮೂಗು ಎತ್ತಿ ಗಾಳಿ ನೋಡಿತು. ಆಮೇಲೆ ಅವನನ್ನು ಬಿಟ್ಟು ನೇರವಾಗಿ ಗುಡಿಸಲಿನ ಬಾಗಿಲಿಗೆ ಬಂದು ನಿಂತಿತು.

ದೊಡ್ಡಳಿಯ ಗೋಡೆಗೆ ಒತ್ತಿಕೊಂಡ. ನಾಯಿ ಬಾಲ ಅಲ್ಲಾಡಿಸಲಿಲ್ಲ, ಗುರುಗುಟ್ಟಲೂ ಇಲ್ಲ. ನೀನು ಇಲ್ಲೇನು ಮಾಡ್ತಿದ್ದೀಯ ಎಂಬಂತೆ ಅವನ ಮುಖ ನೋಡಿತು. ಈಗ ಒಂದು ಸಲ ಬೊಗಳಿದರೆ ಎಲ್ಲ ಕೆಟ್ಟಿತು. “ಕೂತಿರು,” ಎಂದ, ಉಸಿರಿಗಿಂತ ಸಣ್ಣ ದನಿಯಲ್ಲಿ, ಆ ಮನೆಯವರೆಲ್ಲ ದಿನಕ್ಕೆ ನಲವತ್ತು ಸಲ ಅನ್ನುವ ಮಾತೇ ಬಾಯಿಗೆ ಬಂದು. ಅದೇ ಗಳಿಗೆಗೆ ಅಲ್ಲಿ ದೂರದಲ್ಲಿ, ಮರಳುದಾರಿಯ ನಡುವೆ, ಚಿಕ್ಕಳಿಯ ಓಡುತ್ತಲೇ ತಿರುಗಿ ಅಂಗೈ ಎತ್ತಿದ. ಬೂದ ಕೂತಿತು.

ಏಳುವ ಅಂಗೈ, ಕೂರುವ ನಾಯಿ: ಮನಸ್ಸಿನಲ್ಲಿ ನೂರು ಸಲ ನೋಡಿದ್ದಂತೆಯೇ ನಡೆದುಹೋಯಿತು. ಇಷ್ಟು ದೂರದಿಂದಲೂ ಅವನ ಕೈಗೆ ಬಗ್ಗುತ್ತದಲ್ಲ ಎಂದು ದೊಡ್ಡಳಿಯನಿಗೆ ಆ ಹೊತ್ತಿನಲ್ಲೂ ಚುರುಕ್ ಎಂದಿತು. ಚಿಕ್ಕಳಿಯ ಬಂಡೆ ಹತ್ತಿ, ಆಚೆ ಇಳಿದು, ಬಗ್ಗಿದ. ಅವನ ಬೆನ್ನಿನ ಒಂದು ತುಣುಕು ಮಾತ್ರ ಕಾಣುತ್ತಿತ್ತು. ಅದು ಅಲುಗಾಡದೆ ಹಾಗೆಯೇ ಉಳಿದದ್ದನ್ನು ಖಾತ್ರಿ ಮಾಡಿಕೊಂಡು ದೊಡ್ಡಳಿಯ ಗುಡಿಸಲಿನ ಹಿಂಬದಿಯ ಸಂದಿನಿಂದ ಹೊರಬಿದ್ದ.

ಗಿರಣಿಯ ಗೇಟು ಸೇರುವಾಗ ಹನ್ನೊಂದಕ್ಕೆ ಐದು ನಿಮಿಷವಿತ್ತು. ನಿಮ್ಮ ರಥ ಇವತ್ತು ಬೇಗ ಬಂತಲ್ಲ ಎಂದು ಕಾವಲುಗಾರ ನಗೆಯಾಡಿದ. ಗುಡ್ಡದಲ್ಲಿ ತಳ್ಳೋಕೆ ಪುಣ್ಯಾತ್ಮರು ಸಿಕ್ಕರು ಎಂದ ದೊಡ್ಡಳಿಯ ಖಾಲಿ ಕ್ಯಾನುಗಳನ್ನು ಅವನ ಕಣ್ಣೆದುರೇ ನಲ್ಲಿಗೆ ಹಿಡಿದ. ಉಣ್ಣೆ ಪರೀಕ್ಷಿಸುವವನು ಒಂದು ಹಿಡಿ ಎಳೆದು ನೋಡಿ, ನಿಮ್ಮ ಕೈಯ ಉಣ್ಣೆಗೆ ಹೆಸರಿಡೋ ಹಾಗಿಲ್ಲ ಅಂದಾಗ ಅವನಿಗೆ ನಿಜವಾಗಿಯೂ ಸಂತೋಷವಾಯಿತು.

ಹೆಣ ಸಿಕ್ಕಿದ್ದು ಮರುದಿನ ಬೆಳಿಗ್ಗೆ, ಪಕ್ಕದ ಕೊಲ್ಲಿಯಲ್ಲಿ, ಮೀನುಗಾರರಿಗೆ. ಮರಿ ಬದುಕಿತ್ತು. ಅಲೆ ಅದನ್ನು ಎತ್ತಿ ದಡಕ್ಕೆ ಹಾಕಿತ್ತೋ, ಅವನೇ ಕೊನೆಗೆ ದಡದ ಕಡೆಗೆ ಎಸೆದಿದ್ದನೋ, ಅಂತೂ ಚಪ್ಪಲಿಯ ಹತ್ತಿರ ನಡುಗುತ್ತ ನಿಂತಿತ್ತು. ಅವನ ಅಂಗಿಯ ಜೇಬಿನಲ್ಲಿ ಬಲೆಯ ದಾರ ಒಂದೂ ತುಂಡಾಗದೆ ಸುತ್ತಿಟ್ಟಿತ್ತು. ಎಲ್ಲರೂ ಕತೆಯನ್ನು ತಾವೇ ಕಟ್ಟಿಕೊಂಡರು. ಮರಿ ಹಿಂದೆಯೇ ಹೋಗಿದೆ, ಬಂಡೆ ಸೇರಿ ಸಿಕ್ಕಿಬಿದ್ದಿದೆ, ಬಿಡಿಸಲು ಹೋಗಿದ್ದಾನೆ. ಹಿತ್ತಿಲ ಗೇಟು ಹಾಕದೆ ಬಿಟ್ಟವಳು ನಾನೇ ಎಂದು ನಾದಿನಿ ಹಣೆ ಚಚ್ಚಿಕೊಂಡಳು. ದೊಡ್ಡಳಿಯ ಬಾಯಿಬಿಡುವ ಅಗತ್ಯವೇ ಬೀಳಲಿಲ್ಲ. ಪೊಲೀಸ್ ಪೇದೆ ಬಂದು ಕೇಳಿದಾಗ ಮಾತ್ರ, ಗಿರಣಿಗೆ ಹೋಗಿದ್ದೆ, ಆ ಕಡಲ ಕಡೆಗೆ ನಾನು ಕಾಲಿಟ್ಟು ವರ್ಷದ ಮೇಲಾಯ್ತು ಎಂದು ಮಾವನ ಎದುರಿಗೇ ಹೇಳಿದ. ಪೇದೆ ಬರೆದುಕೊಂಡ.

ಎಲ್ಲ ಅಂದುಕೊಂಡಂತೆಯೇ ಆಗಿದ್ದರೂ ಅವನ ಒಳಗಿನ ಬಿಸಿ ಹೆಂಚು ಆರಲಿಲ್ಲ. ಮರಿಗಾಗಿ ಪ್ರಾಣ ಕೊಟ್ಟವನು ಎಂದು ಜನ ಬಾಗಿಲಿಗೆ ಬಂದು ಹೇಳಿ ಹೋಗುತ್ತಿದ್ದರು. ಅವನ ಹೆಂಡತಿ ಕೂಡ, ಅಂಥವನು ಇನ್ನೊಬ್ಬ ಹುಟ್ಟಲ್ಲ ಅಂದಳು. ತಾನು ಹನ್ನೆರಡು ವರ್ಷ ಒಂದು ಕುರಿಗೂ ಗೀರು ಮಾಡದಿದ್ದದ್ದು ಯಾರಿಗೂ ನೆನಪಿರಲಿಲ್ಲ. ಇದೆಲ್ಲದರ ಜೊತೆಗೆ ಆ ನಾಯಿ. ಬೂದ ಇನ್ನೂ ಗುಡಿಸಲಿನ ಬಾಗಿಲಲ್ಲೇ ಕೂತಿತ್ತು. ನೀರಿಟ್ಟರೆ ಕೂತಲ್ಲೇ ಕುಡಿಯುತ್ತಿತ್ತು, ರೊಟ್ಟಿ ಮೂಸಿ ಬಿಡುತ್ತಿತ್ತು. ಎತ್ತಲು ಹೋದವರಿಗೆ ಹಲ್ಲು ತೋರಿಸುತ್ತಿತ್ತು.

ಮೂರನೇ ದಿನ ಪೇದೆ ಜಾಗವನ್ನು ಇನ್ನೊಮ್ಮೆ ನೋಡಿ ಕಾಗದ ಮುಗಿಸಬೇಕೆಂದ. ಮನೆಯವರೆಲ್ಲ ಅವನ ಜೊತೆಗೆ ಹೊರಟರು. ಮಾವ ಕೋಲೂರಿಕೊಂಡು ಬಂದರು. ನಾಯಿ ನೀರಿನ ಹತ್ತಿರ ಬಿಟ್ಟು ಇಷ್ಟು ಮೇಲೆ ಯಾಕೆ ಕೂತಿದೆ ಎಂದು ಪೇದೆ ಕೇಳಿದ್ದಕ್ಕೆ ಮಾವ, ನೆರಳಿಗೆ ಅಂತ ಇಲ್ಲಿ ಕೂರಿಸಿರಬೇಕು ಅಂದರು. ನಾದಿನಿ ಗಂಡನ ಅಂಗಿಯನ್ನೇ ತೊಟ್ಟು ಬಂದಿದ್ದಳು, ಆ ವಾಸನೆಗಾದರೂ ಏಳಲಿ ಎಂದು. ಸಾಕು ಬಾ, ಸಾಕು ಬಾ ಎಂದು ಕರೆದಳು. ಬೂದ ಅವಳ ಕೈ ನೆಕ್ಕಿತು, ಏಳಲಿಲ್ಲ. ದೊಡ್ಡಳಿಯನ ಹೆಂಡತಿ ಕರೆದಳು. ಮಾವ ಕರೆದರು. ಅದರ ಪಕ್ಕೆಲುಬು ಎಣಿಸುವ ಹಾಗಾಗಿತ್ತು.

“ಕೂರಿಸಿದವನು ಹೋದ,” ಅಂದರು ಮಾವ. “ಅವನ ಮಾತಿಗೆ ಕಾಯ್ತಾ ಇದೆ. ಇಲ್ಲೇ ಪ್ರಾಣ ಬಿಡುತ್ತೆ ಇದು.”

ದೊಡ್ಡಳಿಯ ಒಂದು ಬದಿಗೆ ನಿಂತು ನೋಡುತ್ತಿದ್ದ. ಸತ್ತು ಮೂರು ದಿನವಾದರೂ ಆ ಅಂಗೈ ಇನ್ನೂ ಮೇಲೆಯೇ ಇದೆ ಅನ್ನಿಸಿತು. ನೀರಿನಲ್ಲಿ ಮುಳುಗಿಸಿದರೂ ಅದು ಇಳಿದಿಲ್ಲ. ಒಂದೇ ಒಂದು ಸಲ, ಇವರೆಲ್ಲರ ಕಣ್ಣೆದುರು, ಈ ನಾಯಿ ಅವನ ಮಾತು ಬಿಟ್ಟು ತನ್ನ ಮಾತಿಗೆ ಎದ್ದರೆ? ಎದ್ದರೆ ನಾಯಿ ತನ್ನದು, ಮಂದೆ ತನ್ನದು, ಮಾವನಿಗೆ ಇನ್ನೊಂದು ಮಾತು ಉಳಿಯುವುದಿಲ್ಲ. ಏಳದಿದ್ದರೂ ಹೋಗುವುದೇನು, ಅದು ಎಂದೂ ತನ್ನ ಮಾತು ಕೇಳಿದ್ದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಹಸಿದು ಸೋತ ಪ್ರಾಣಿ, ಕೂರಿಸಿದವನಂತೂ ಇಲ್ಲ. ತೊಟ್ಟಿಯ ಹತ್ತಿರ ಕೇಳಿದ ಮಾತು ಅವನಿಗೆ ನೆನಪಾಯಿತು. ನಾಲ್ಕು ಹೆಜ್ಜೆ ಮುಂದೆ ಬಂದು, ಮರಳಲ್ಲಿ ಮಂಡಿಯೂರಿ, ಜೀವಮಾನದಲ್ಲಿ ಎರಡನೇ ಬಾರಿಗೆ ಅವನು ಆ ನಾಯಿಯ ಹತ್ತಿರ ಮೆಲ್ಲಗೆ ಮಾತಾಡಿದ.

“ಸಾಕು, ಬಾ.”

ಬೂದ ಎದ್ದಿತು. ಮೂರು ದಿನ ಮಡಚಿಕೊಂಡಿದ್ದ ಕಾಲು ನಡುಗುತ್ತಿದ್ದರೂ ಅದು ನೇರವಾಗಿ ಬಂದು ಅವನ ಎಡಮಂಡಿಗೆ ಮೈಯ ಭಾರವನ್ನೆಲ್ಲ ಒರಗಿಸಿ ನಿಂತು, ಉಸಿರು ಬಿಟ್ಟಿತು. ದೊಡ್ಡಳಿಯನ ಕೈ ತಾನಾಗಿಯೇ ಹೋಗಿ ಅದರ ಮಡಚಿದ ಕಿವಿಯ ಮೇಲೆ ಕೂತಿತು. ಇಷ್ಟು ಬೆಚ್ಚಗಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಎಲ್ಲರೂ ನೋಡಿದರೋ ಇಲ್ಲವೋ ಎಂದು ತಲೆ ಎತ್ತಿದ. ನೋಡಿದ್ದರು. ಏನೂ ತಿಳಿಯದ ಪೇದೆಯೊಬ್ಬನೇ, ಪರವಾಗಿಲ್ಲ, ನಿಮ್ಮ ಮಾತು ಕೇಳ್ತಲ್ಲ ಎಂದು ನಗುತ್ತಿದ್ದ. ನಾದಿನಿಯ ಬೆರಳು ಅಂಗಿಯ ಗುಂಡಿಯ ಮೇಲೆ ಹಾಗೆಯೇ ನಿಂತಿತ್ತು. ಅವನ ಹೆಂಡತಿ ಒಂದು ಹೆಜ್ಜೆ ಹಿಂದೆ ಸರಿದಿದ್ದಳು. ಬುಧವಾರದ ಆ ಗಳಿಗೆ ಆಗ ಅವನ ಕಣ್ಣ ಮುಂದೆ ಪೂರ್ತಿಯಾಗಿ ಬಂತು: ಬಾಗಿಲಲ್ಲಿ ನಿಂತ ನಾಯಿ ಅವನ ಮುಖವನ್ನೇ ನೋಡುತ್ತಿತ್ತು, ಅಂಗೈ ಎದ್ದದ್ದು ಅದರ ಬೆನ್ನ ಹಿಂದೆ. ಮಾವ ನಾಯಿಯನ್ನು ನೋಡುತ್ತಿರಲಿಲ್ಲ. ಕೋಲಿನ ಮೇಲೆ ಎರಡೂ ಕೈ ಊರಿ, ಹನ್ನೆರಡು ವರ್ಷದಲ್ಲಿ ಎಂದೂ ಬಳಸದಿದ್ದ ಮಾತಿನಿಂದ ಅವನನ್ನು ಕೇಳಿದರು: “ನೀನಾ ಕೂರಿಸಿದ್ದು?”